ಹಿಮ್ಮಡಿ ತಿಕ್ಕುವ ಕಲ್ಲು

ತಾವರಗೇರಾ ಹತ್ತಿರದ ಹಳ್ಳದಲ್ಲಿ ಕಾಲು ತೊಳೆಯಲು ಇಳಿದಾಗ ಕೊಡಲಿಯಾಕಾರದ ನುಣುಪು ಕಲ್ಲೊಂದು ಕಣ್ಣಿಗೆ ಬಿತ್ತು. ನಾನು ಇತಿಹಾಸದ ಮಾಸ್ತರ. ಬಿಡುವುದುಂಟೆ? ಎತ್ತಿಕೊಂಡೆ.

"ಇಡ್ರಿ, ಅದು ನಂದು," ಅಂದಳು ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿ.

"ಇದು ಆದಿಮಾನವರ ಕೊಡಲಿ ಇದ್ದಂಗೈತಿ, ಯವ್ವಾ."

"ಯಾರದರ ಇರವಲ್ದ್ಯಾಕ. ನಾ ದಿನಾ ಹಿಮ್ಮಡಿ ತಿಕ್ಕೋ ಕಲ್ಲದು. ಅಂಥಾದ್ದ ಇನ್ನೊಂದು ಹುಡುಕಿ ಕೊಟ್ಟು ಒಯ್ರಿ."

ಪ್ಯಾಂಟು ಮಡಚಿ ಹಳ್ಳವೆಲ್ಲ ತಡಕಾಡಿದೆ. ತಂದ ಕಲ್ಲನ್ನೆಲ್ಲ ಹಿಮ್ಮಡಿಗೆ ತಿಕ್ಕಿ ನೋಡಿ, "ಛಲೋ ಇಲ್ಲ" ಎಂದು ಎಸೆದಳು. ಬಿಸಿಲು ನೆತ್ತಿಗೇರಿದ ಮೇಲೆ ಅಂತೂ ಒಂದನ್ನು ಒಪ್ಪಿದಳು.

ಕೊಪ್ಪಳದಲ್ಲಿ ಪುರಾತತ್ವ ಓದಿಕೊಂಡ ಪರಿಚಯದವರೊಬ್ಬರಿಗೆ ತೋರಿಸಿದೆ. ಅಜ್ಜಿಯ ಸುದ್ದಿ ಎತ್ತಲಿಲ್ಲ. ಅವರು ಭೂತಗನ್ನಡಿ ಹಿಡಿದು ಭಾಳ ಹೊತ್ತು ನೋಡಿ, "ಶಿಲಾಯುಗದ್ದ ಐತ್ರಿ. ಅಂಚು ಸವದದ್ದು ನೋಡಿದ್ರ ಚರ್ಮ ತಿಕ್ಕಾಕ ಬಳಸ್ಯಾರ," ಎಂದರು.

ತಕರಾರು ತೆಗೆಯುವಂಥದ್ದು ಅದರಲ್ಲೇನೂ ಇರಲಿಲ್ಲ.