ಸಸ್ಯಾಹಾರಿ ತೊಟ್ಟಿಯ ಹೊನ್ನವ್ವ

ಮೀನುಮರಿ ಸಾಕುವುದನ್ನು ಹೊನ್ನವ್ವನಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ತುಂಗಭದ್ರೆಯ ಹಿನ್ನೀರಿನ ಪಕ್ಕದ ಕೊಳಗಳಲ್ಲಿ ಅವಳ ಅಪ್ಪ ಮರಿ ನೋಡಿಕೊಳ್ಳುವ ಕೂಲಿಯಾಗಿದ್ದ; ಮಗಳು ಸೊಂಟದ ಮಟ್ಟದ ನೀರಿನಲ್ಲೇ ಬೆಳೆದಳು. ಮದುವೆಯಾಗಿ ಹೆಗ್ಗನಹಳ್ಳಿಗೆ ಬಂದ ಮೇಲೆ ಹನ್ನೊಂದು ವರ್ಷ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸಿದಳು. ಕಣ್ಣು ಮಂಜಾಗತೊಡಗಿದಾಗ ಕೆಂಗೇರಿಯ ಆಚೆ ಚನ್ನವೀರಪ್ಪನವರ ಸೈಟಿನಲ್ಲಿ ಕೆಲಸ ಸಿಕ್ಕಿತು. ಸಿಮೆಂಟ್ ತೊಟ್ಟಿಗಳಲ್ಲಿ ಬಣ್ಣಬಣ್ಣದ ಕೋಯಿ ಮೀನಿನ ಮರಿಗಳನ್ನು ನೋಡಿಕೊಳ್ಳುವ ಕೆಲಸ.

ಚನ್ನವೀರಪ್ಪನವರು ಬಸವೇಶ್ವರನಗರದವರು, ಸರ್ಕಾರದಲ್ಲಿ ಜಂಟಿ ನಿರ್ದೇಶಕರಾಗಿದ್ದು ನಿವೃತ್ತರಾದವರು. ನಿವೃತ್ತಿಯ ವಿಷಯ ಇಲಾಖೆಗೆ ಗೊತ್ತಾಗಿತ್ತೇ ಹೊರತು ಅವರಿಗೆ ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ. ಅವಳು ಕೆಲಸಕ್ಕೆ ಬಂದ ವಾರವೇ ಒಂದು ಸುತ್ತೋಲೆ ಅಂಟಿಸಿದರು: ಕಾಂಪೌಂಡಿನೊಳಗೆ ಮಾಂಸ, ಮೊಟ್ಟೆ ನಿಷಿದ್ಧ. ಅದು ಮನುಷ್ಯರಿಗೆ ಎಂದುಕೊಂಡಿದ್ದಳು ಹೊನ್ನವ್ವ. ಮೀನಿಗೂ ಅನ್ವಯವಾಗುತ್ತದೆಂದು ಆಮೇಲೆ ತಿಳಿಯಿತು. ಶೇಂಗಾ ಹಿಂಡಿ, ಅಕ್ಕಿ ತೌಡು, ಅಷ್ಟೇ. ಗೇಟಿನ ಮೇಲೆ ಬೋರ್ಡೂ ಬಂತು: ‘ಶುದ್ಧ ಸಸ್ಯಾಹಾರಿ ಮೀನು ಸಾಕಣೆ ಕೇಂದ್ರ.’

“ಸಾಹೇಬ್ರ, ಕೂಸುಗೋಳ ಅದಾವ ಇವು,” ಎಂದಳು ಹೊನ್ನವ್ವ. “ಕೆರ್ಯಾಗಾದ್ರ ನೀರಿನ ಹುಳ ತಿಂದು ಬೆಳೀತಾವ. ಇಲ್ಲಿ ನಲ್ಲಿ ನೀರಾಗ ಏನೈತಿ? ಬೇಯ್ಸಿದ ತತ್ತಿ ಹಳದಿ ತೆಳು ಅರಬ್ಯಾಗ ಕಟ್ಟಿ ಹಿಂಡಿ ಬಿಡ್ರಿ, ನಾಲ್ಕ ದಿನದಾಗ ಹೆಂಗ ಆಕ್ಕಾವ ನೋಡ್ರಿ.”

“ಮೂರು ತಲೆಮಾರಿಂದ ನಾವು ಮೊಟ್ಟೆ ಮುಟ್ಟಿಲ್ಲ ಕಣಮ್ಮ. ನಾವೇನು ಬೆಳೆದಿಲ್ವಾ?”

ಅವರ ಹೊಟ್ಟೆಯ ಕಡೆ ನೋಡಿದ ಹೊನ್ನವ್ವ ವಾದ ಮಾಡಲಿಲ್ಲ.

ಆಮೇಲೆ ಎರಡನೆಯ ಆಜ್ಞೆ. ಮೂರು ತೊಟ್ಟಿಗಳಲ್ಲಿದ್ದ ಎರಡು ಸಾವಿರ ಮರಿಗಳನ್ನೆಲ್ಲ ಒಂದೇ ತೊಟ್ಟಿಗೆ ಸುರಿಯಬೇಕು. ಮುಂದಿನ ವಾರದ ಭಾನುವಾರ ವಾಕಿಂಗ್ ಬಳಗದವರು ಬರುತ್ತಾರೆ, ತೊಟ್ಟಿ ಗಿಜಿಗುಡುತ್ತಿದ್ದರೆ ನೋಡಲು ಭರ್ತಿಯಾಗಿರುತ್ತದೆ. ತಿಂಗಳ ಮರಿಯ ಜೊತೆ ವಾರದ ಮರಿ ಬಿಡಬಾರದೆಂದು ಹೊನ್ನವ್ವ ಎರಡು ಸಲ ಹೇಳಿದಳು. ಎರಡನೆಯ ಸಲ ಅವರು ಫೋನಿನಲ್ಲಿದ್ದರು.

ಆ ಭಾನುವಾರಕ್ಕೆ ಮರಿಗಳನ್ನು ಒಟ್ಟಿಗೆ ಸುರಿದು ಹನ್ನೆರಡು ದಿನವಾಗಿತ್ತು. ಬಳಗದವರು ಬಂದರು, ಮುಂದೆ ನೀಲಾಂಬಿಕಾ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಬಗ್ಗಿ ನೋಡಿ, “ಎರಡು ಸಾವಿರ ಅಂದ್ರಲ್ಲ ಸಾರ್, ಅಷ್ಟು ಕಾಣ್ತಿಲ್ವಲ್ಲ?” ಎಂದರು.

ಜರಡಿಯಲ್ಲಿ ಎತ್ತಿ ಎಣಿಸಿದ್ದಾಯಿತು. ಒಂಬೈನೂರು ದಾಟಲಿಲ್ಲ. ಸತ್ತ ಮರಿ ಒಂದೂ ತೇಲಿರಲಿಲ್ಲ.

ಚನ್ನವೀರಪ್ಪನವರು ಗಂಟಲು ಸರಿಪಡಿಸಿಕೊಂಡರು. “ಹೊನ್ನವ್ವ, ನಿಮ್ಮ ಹೆಗ್ಗನಹಳ್ಳಿ ಕಡೆ ಅಕ್ವೇರಿಯಂ ಅಂಗಡಿ ಇವೆ ಅಲ್ವಾ?”

“ಅದಾವ್ರಿ. ಯಾಕ?”

“ಏನಿಲ್ಲ. ನಿನ್ನ ಬುತ್ತಿ ಚೀಲ ಸ್ವಲ್ಪ ತೆಗಿ. ನಿಯಮ ಅಂದ್ರೆ ಎಲ್ಲರಿಗೂ ಒಂದೇ.”

ಎಂಟು ಜನರ ಕಣ್ಣು ಅವಳ ಚೀಲದ ಮೇಲೆ ನಿಂತಿತು. ಗಾರ್ಮೆಂಟ್ಸಿನ ಗೇಟಿನಲ್ಲಿ ದಿನಾ ಚೀಲ ತೆರೆದಿದ್ದಳು. ಅಲ್ಲಿ ಎಲ್ಲರದ್ದೂ ತೆರೆಸುತ್ತಿದ್ದರು. ಇಲ್ಲಿ ಅವಳೊಬ್ಬಳದು. ಬುತ್ತಿ ಬಿಚ್ಚಿದಳು. ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಬೇಯಿಸಿದ ಮೊಟ್ಟೆ.

ಮೀನು ಸಿಗಲಿಲ್ಲ, ಮೊಟ್ಟೆ ಸಿಕ್ಕಿತು! ಕಳ್ಳತನದ ಮಾತು ಅಲ್ಲೇ ಬಿದ್ದುಹೋಯಿತು. “ನನ್ನ ಕಾಂಪೌಂಡಿನಲ್ಲಿ!” ಎಂದು ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು, ಅದು ಈಗಲೇ ಒಡೆದು ಮರಿಯಾಗುವಂತೆ.

ಹೊನ್ನವ್ವ ಬುತ್ತಿ ಕೆಳಗಿಟ್ಟಳು. ಜರಡಿಯಲ್ಲಿ ಒಂದು ದಪ್ಪ ಮರಿಯನ್ನು ಎತ್ತಿ ನೀಲಾಂಬಿಕಾ ಅವರ ಮೂಗಿನ ಮುಂದೆ ಹಿಡಿದಳು. ಅದರ ಬಾಯಿಂದ ಇನ್ನೊಂದು ಮರಿಯ ಪುಟ್ಟ ಬಾಲ ಹೊರಗೆ ಜೋತಾಡುತ್ತಿತ್ತು.

“ಅಯ್ಯೋ, ಇದು ತಿಂತಾ ಇದೆ!”

“ತಿನ್ನಾಕ ಬೇಕಲ್ರಿ ಅಕ್ಕಾರ. ಹಸದ ಹೊಟ್ಟಿ, ಕಾಲಿಡಾಕ ಜಾಗಿಲ್ಲ, ಬಾಜೂಕ ಸಣ್ಣದು ಸಿಕ್ಕೈತಿ.” ಆಮೇಲೆ ಸಾಹೇಬರ ಕಡೆ ತಿರುಗಿದಳು. “ನಿಮ್ಮ ಸಸ್ಯಾಹಾರಿಗಳು ಹನ್ನೆರಡು ದಿನದಾಗ ಸಾವಿರ ಮಂದಿನ ನುಂಗ್ಯಾವ. ನಾ ಒಂದ ತತ್ತಿ ತಂದೀನಿ. ಈಗ ಹೇಳ್ರಿ, ಕಳ್ಳರು ಯಾರು?”

ಯಾರೋ ಕಿಸಕ್ಕೆಂದರು.

“ಸರಿ ಸರಿ, ಈ ಬಗ್ಗೆ ಪರಿಶೀಲಿಸೋಣ,” ಎಂದರು ಚನ್ನವೀರಪ್ಪನವರು. ಮೂವತ್ತು ವರ್ಷ ಅವರನ್ನು ಕಾಪಾಡಿದ ಮಾತು ಅದು.

“ಪರಿಶೀಲಿಸೂದು ಮೀನಿಂದಾತು. ನಂದು?” ಹೊನ್ನವ್ವ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. “ಬುತ್ತಿ ಬಿಚ್ಚಿಸಿದ್ದು ಎಲ್ಲಾರ ಮುಂದ. ತಪ್ಪಾತು ಅನ್ನೂದೂ ಎಲ್ಲಾರ ಮುಂದ. ಅಲ್ಲೀತನಾ ನಾ ಏಳಂಗಿಲ್ಲ, ಈ ಮೀನಿಗೆ ಹಿಂಡಿ ಹಾಕಂಗೂ ಇಲ್ಲ.”

“ಬೇರೆಯವರನ್ನ ಇಟ್ಕೋತೀನಿ ಅಷ್ಟೇ.”

“ಇಟ್ಕೋರಿ. ಅವರಿಗೂ ಈ ಬಾಲ ತೋರ್ಸೇ ಹೊಕ್ಕೀನಿ.”

ಬಳಗದವರು ಮೋಡ ನೋಡಿದರು, ಚಪ್ಪಲಿ ನೋಡಿದರು. ನೀಲಾಂಬಿಕಾ ಮಾತ್ರ, ನಲವತ್ತು ಮಕ್ಕಳ ತರಗತಿಯನ್ನು ಸುಮ್ಮನಾಗಿಸಿದ ದನಿಯಲ್ಲಿ, “ಸಾರ್, ಹೇಳಿಬಿಡಿ, ಎಲ್ಲರಿಗೂ ತಿಂಡಿಗೆ ಹೊತ್ತಾಯ್ತು,” ಎಂದರು.

ಚನ್ನವೀರಪ್ಪನವರು ನೀರಿನ ಕಡೆ ಮುಖ ಮಾಡಿ, “ತಪ್ಪಾಯ್ತು,” ಎಂದರು.

“ಮೀನಿಗಲ್ರಿ. ನನಗ.”

ಅವರು ನಿಧಾನಕ್ಕೆ ತಿರುಗಿದರು. “ತಪ್ಪಾಯ್ತು ಹೊನ್ನವ್ವ.” ಹಿಂದಿನ ಸಾಲಿಗೂ ಕೇಳಿಸಿತು.

ಅವಳು ತಲೆಯಾಡಿಸಿ ಎದ್ದು, ದಪ್ಪ ಮರಿಗಳನ್ನೂ ಸಣ್ಣವನ್ನೂ ಬೇರೆ ಮಾಡಲು ಬಕೆಟ್ ಎಳೆದುಕೊಂಡಳು.