ಚಿಕ್ಕತಾಯಿಗೆ ಕೊಟ್ಟ ಸ್ಪಂಜಿನ ಬೂಟು

ನಮ್ ಕ್ಲಾಸಿನ ಚಿಕ್ಕತಾಯಿ ಓಡ್ತಿದ್ರೆ ಸದ್ದೇ ಬರ್ತಿರ್ಲಿಲ್ಲ. ಪಕ್ಕದಲ್ಲಿ ದಾಟಿ ಹೋದ್ಮೇಲೇನೇ ನಂಗೆ ಗೊತ್ತಾಗ್ತಿದ್ದಿದ್ದು, ಇವತ್ತೂ ಮುಗೀತು ನನ್ ಕತೆ ಅಂತ. ಹೆಡತಲೆ ಅನ್ನೋ ಊರಿನವಳು. ನಂಜನಗೂಡಲ್ಲಿ ಹಾಸ್ಟೆಲಲ್ಲಿ ಇದ್ಕೊಂಡು ನನ್ ಜೊತೆ ಹೈಸ್ಕೂಲಿಗೆ ಬರ್ತಿದ್ಲು. ಯಾವಾಗ್ಲೂ ಬರಿಗಾಲು. ಆಳು ಕಡ್ಡಿ ಹಂಗಿದ್ಲು, ಮೀನಖಂಡ ಮಾತ್ರ ಕಲ್ಲು. ನನ್ನವು ನಮ್ಮಮ್ಮ ಬಡಿಸಿದ ತುಪ್ಪದಲ್ಲಿ ಬೆಳೆದಿದ್ದು, ಮುಟ್ಟಿದ್ರೆ ಅಲ್ಲಾಡ್ತಿದ್ವು.

ಹೊಟ್ಟೆಕಿಚ್ಚು ಅಂದ್ರೆ ಸುಮ್ನೆ ಅಲ್ಲ. ಅವಳ ಲಂಗದ ಮೇಲೆ ಇಂಕು ಚೆಲ್ಲಿದ್ರೆ ಅವತ್ತು ನಂಗೆ ಊಟ ರುಚಿ. ಅವಳೋ, ಅನುಮಾನ ಪಡೋದನ್ನೇ ಕಲ್ತಿರ್ಲಿಲ್ಲ. ಗೆದ್ದ ತಕ್ಷಣ ಮಡಿಲಿಂದ ಹುರಿದ ಕಡ್ಲೆಕಾಯಿ ತೆಗ್ದು ಮೊದ್ಲು ನಂಗೇ ಕೊಡ್ತಿದ್ಲು.

"ತಗಳಮ್ಮಿ ನಾಗೂ. ನೀನ್ ಜೊತೇಲಿ ಬಂದೆ ಅಂತ್ಲೇ ನಾನ್ ಓಡ್ದೆ."

ಅದನ್ನ ನುಂಗ್ಬೇಕೋ ಉಗೀಬೇಕೋ ನೀವೇ ಹೇಳಿ.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ಬೊಂಬಾಯಲ್ಲಿದ್ದ ನಮ್ ಸೋದರಮಾವ ನಂಗೆ ಓಡೋ ಬೂಟು ತಂದ್ಕೊಟ್ರು. ಅಡೀಲಿ ಎರಡು ಬೆರಳು ದಪ್ಪ ಸ್ಪಂಜು, ಹಾಕ್ಕೊಂಡ್ರೆ ಹಾಸಿಗೆ ಮೇಲೆ ನಿಂತಂಗೆ. ಗೆದ್ದೇಬಿಟ್ಟೆ ಅಂದ್ಕೊಂಡು ಓಡಿದ್ರೆ ಎಲ್ರಿಗಿಂತ ಹಿಂದೆ. ಡ್ರಿಲ್ ಮೇಷ್ಟ್ರು ನಮ್ಮಿಬ್ರನ್ನೂ ಕಪಿಲೆ ದಡದ ಒದ್ದೆ ಮರಳಲ್ಲಿ ಓಡಿಸಿ, ಬಗ್ಗಿ ಬಗ್ಗಿ ಹೆಜ್ಜೆ ನೋಡಿದ್ರು. ಚಿಕ್ಕತಾಯಿದು ಮುಂಗಾಲಷ್ಟೇ ಒತ್ತಿತ್ತು, ಹಿಮ್ಮಡಿ ಮುಟ್ಟಿದ್ದೂ ಇಲ್ಲ ಅನ್ನೋ ಹಂಗೆ. ನಂದು ಹಿಮ್ಮಡಿ ಹತ್ರ ಗುಳಿ.

"ಮೆತ್ತಗಿದೆ ಅಂತ ಕಾಲು ಮುಂದಕ್ಕೆ ಚಾಚಿ ಹಿಮ್ಮಡಿ ಕುಕ್ತಿದೀಯ. ಮೀನಖಂಡಕ್ಕೆ ನಿದ್ದೆ, ಮೊಣಕಾಲಿಗೂ ತೊಡೆಗೂ ಕೆಲಸ," ಅಂದ್ರು.

ಚಿಕ್ಕತಾಯಿ ಕಾಲು ತೊಳಿಯೋಕೆ ನೀರಿಗೆ ಇಳಿದಾಗ ನಂಗೊಬ್ಬಳಿಗೇ ಇನ್ನೊಂದು ಮಾತು ಹೇಳಿದ್ರು, ಬೂಟಿಗೆ ಒಗ್ಗೋಕೆ ಎರಡು ತಿಂಗ್ಳು ಬೇಕು ಅಂತ. ಒಗ್ಗಿಸ್ಕೊಂಡೆ. ಆದ್ರೂ ಅವಳು ಎರಡು ಮಾರು ಮುಂದೇನೇ.

ಬೂಟು ಬಂದು ಆರು ತಿಂಗ್ಳಾಗೋ ಹೊತ್ತಿಗೆ ನರಸೀಪುರದಲ್ಲಿ ಎರಡು ತಾಲೂಕಿನ ಹುಡುಗೀರ ಓಟ ಬಂತು. ಮೊದ್ಲು ಬಂದವಳೊಬ್ಬಳೇ ಮೈಸೂರಿಗೆ, ಜಿಲ್ಲೆ ಓಟಕ್ಕೆ. ನರಸೀಪುರದ ಓಟಕ್ಕೆ ಮೂರು ದಿನ ಇದ್ದಾಗ ಬೂಟನ್ನ ಪೇಪರಲ್ಲಿ ಸುತ್ಕೊಂಡು ಹಾಸ್ಟೆಲಿಗೆ ಹೋದೆ. ಬರಿಗಾಲಲ್ಲಿ ಓಡಿದ್ರೆ ಅಲ್ಲಿ ಎಲ್ರೂ ನಗ್ತಾರೆ ಕಣೇ, ಇದು ನಿಂಗೇ ಇರ್ಲಿ ಅಂದೆ. ಎರಡು ತಿಂಗ್ಳ ಮಾತು ನನ್ ತಲೇಲಿ ಚೆನ್ನಾಗೇ ಇತ್ತು.

ಅವಳು ಬೂಟನ್ನ ಮಡಿಲಲ್ಲಿ ಇಟ್ಕೊಂಡು ಸ್ಪಂಜನ್ನ ಬೆರಳಲ್ಲಿ ಒತ್ತಿ ಒತ್ತಿ ನೋಡಿದ್ಲು.

"ನೀನೇನ ಆಕ್ಕತೀಯಮ್ಮಿ?"

ನಂಗೇನೂ ಬೇಡ, ಬರಿಗಾಲೇ ಸಾಕು ಅಂದೆ.

ನರಸೀಪುರದಲ್ಲಿ ಸೀಟಿ ಊದಿದ ಮೇಲೆ ಧಪ್ ಧಪ್ ಅಂತ ಕೇಳಿಸ್ತು. ಚಿಕ್ಕತಾಯಿದೇ. ಹಿಮ್ಮಡಿ ಕುಕ್ಕೊಂಡು, ಮೊಣಕಾಲು ಎತ್ಕೊಂಡು, ಗದ್ದೇಲಿ ಸಿಕ್ಕಾಕ್ಕೊಂಡವಳ ಹಂಗೆ ಓಡ್ತಿದ್ಲು. ಅವಳನ್ನ ದಾಟಿದೆ. ಅಂಥಾ ಸುಖ ನಂಗೆ ಮದುವೇಲೂ ಸಿಗ್ಲಿಲ್ಲ. ಅರ್ಧ ದಾರಿಗೆ ನನ್ ಮೀನಖಂಡ ಗಂಟು ಹಾಕ್ಕೊಳ್ತು. ಅವಳ ಕಾಲಿಗೆ ಬೂಟು ಒಗ್ಗಲ್ಲ ಅಂತ ಯೋಚ್ನೆ ಮಾಡಿದ್ದೆ ನೋಡಿ, ಆರು ತಿಂಗ್ಳು ಸ್ಪಂಜಿನ ಮೇಲೆ ಮಲಗಿದ್ದ ನನ್ ಕಾಲಿಗೆ ಬರಿಗಾಲು ಮರೆತುಹೋಗಿರುತ್ತೆ ಅಂತ ಹೊಳೀಲೇ ಇಲ್ಲ. ದಬಕ್ ಅಂತ ಬಿದ್ದೆ.

ನರಸೀಪುರದ ಹುಡುಗಿಯೊಬ್ಬಳು ಗೆದ್ಲು. ಚಿಕ್ಕತಾಯಿ ಎರಡು ಗೇಣು ಹಿಂದೆ. ಬಂದವಳೇ ನೆಲದಲ್ಲಿ ಕೂತು ನನ್ ಕಾಲು ನೀವಿದ್ಲು.

"ಬೂಟೇನೋ ಮೆತ್ತಗದೆ ಕಣಮ್ಮಿ. ನನ್ ಕಾಲ್ಗೇ ನೆಲ ಸಿಗ್ನಿಲ್ಲ," ಅಂದ್ಲು.

ತಪ್ಪೆಲ್ಲಾ ತನ್ ಕಾಲಿನದೇ ಅನ್ನೋ ಹಂಗೆ. ಆ ವರ್ಷ ಸ್ಕೂಲು ಮುಗೀತು, ಅವಳ ಓಟಾನೂ ಮುಗೀತು.

ಎಂಟೊಂಬತ್ತು ವರ್ಷ ಆದ್ಮೇಲೆ ಹುಲ್ಲಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ಲು. ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೀತಿದೀನಿ ಅಂದ್ಲು. ಕೈಲೊಂದು ಹೆಣ್ಣುಮಗು. ನನ್ ಪಕ್ಕದಲ್ಲಿ ನಮ್ಮೆಜಮಾನ್ರಿದ್ರು, ಅವರ ಎದುರಿಗೇ ಮಗೂಗೆ ಹೇಳಿದ್ಲು: "ನೋಡವ್ವ, ತನ್ ಬೂಟ ನಂಗ್ ಕೊಟ್ಬುಟ್ಟು ಬರಿಗಾಲಲ್ಲಿ ಓಡಿ ಬಿದ್ದೋಳು ಇವ್ಳೇಯ. ಇವ್ಳ ಎಸ್ರನ್ನೇ ನಿಂಗೆ ಮಡಗಿರದು, ನಾಗು ಅಂತ."

ಎಜಮಾನ್ರು ನನ್ನ ಹೊಸದಾಗಿ ನೋಡೋ ಹಂಗೆ ನೋಡಿದ್ರು. ನಾನು ನಾಚ್ಕೊಂಡವಳ ಹಂಗೆ ತಲೆ ಬಗ್ಗಿಸ್ದೆ.

ಅವಳ ಬಸ್ಸು ಹೊರಡ್ತು. ಮತ್ತೆ ಅವಳನ್ನ ನೋಡಿಲ್ಲ. ಚಿಕ್ಕತಾಯಿ ಮನಸ್ಸಲ್ಲಿ ಇಟ್ಕೊಂಡಿದ್ದ ಆ ಒಳ್ಳೆ ನಾಗು ಯಾರೋ, ಅವಳ ಮೇಲೂ ನಂಗೆ ಹೊಟ್ಟೆಕಿಚ್ಚಾಯ್ತು.