ರೋಜಾ ಮುರಿಯದ ಸೂಜಿ

ನನ್ನ ಆಪಾ, ಅಕ್ಕ ಜಹನಾರಾಳನ್ನು ಈ ಗತಿಗೆ ತಂದದ್ದು ಸೂಜಿ ಎಂದು ಶಿವಾಜಿನಗರದ ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ತಂದದ್ದು ನಾನು.

ಅವಳ ಮಗಳು ಅರೀಬಾ ಹುಟ್ಟಿದ ಮೂರನೇ ತಿಂಗಳಿಗೆ ಆಪಾಗೆ ಮೊದಲ ಸಲ ಕಾಯಿಲೆ ಬಂತು. ನಾಲ್ಕು ದಿನ ಕಣ್ಣು ಮುಚ್ಚದೆ ಮಾತಾಡಿದಳು, ಮನೆಯ ಪಾತ್ರೆಗಳನ್ನೆಲ್ಲ ಬೀದಿಯವರಿಗೆ ಹಂಚಿದಳು. ಡಾಕ್ಟರು ಬೈಪೋಲಾರ್ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಮೇಲೆ ಐದು ವರ್ಷ ಚೆನ್ನಾಗಿಯೇ ಇದ್ದಳು. ಭಾವ ಬಷೀರ್ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಮಾರುವವರು; ಒಳ್ಳೆಯವರೇ, ಆದರೆ ತಾಯಿಯ ಎದುರು ಬಾಯಿ ಬಿಡುವವರಲ್ಲ. ಆ ತಾಯಿ, ಇಮಾಮ್ ಬೀ, ಆ ಮೊದಲ ಸಲವೇ ಹೇಳಿಬಿಟ್ಟಿದ್ದರು: "ಇನ್ನೊಂದ್ಸಲ ಹಿಂಗಾದ್ರೆ ನೀನು ತವರಿಗೆ ಹೋಗು. ಮಗು ಇಲ್ಲೇ ಇರ್ತದೆ."

ಕಳೆದ ವರ್ಷ ಆಪಾಗೆ ಎದೆಬಡಿತ, ಗಾಬರಿ ಹೆಚ್ಚಾದಾಗ ಜೋಗುಪಾಳ್ಯದ ರೇವತಿ ಮೇಡಂ ಹತ್ತಿರ ಕರೆದೊಯ್ದವಳು ನಾನೇ. ನನ್ನ ಕತ್ತುನೋವಿಗೆ ಅವರ ಅಕ್ಯುಪಂಕ್ಚರ್ ಹಿಡಿಸಿತ್ತು. ಆಪಾಳ ಮಣಿಕಟ್ಟಿಗೆ, ಕಿವಿಗೆ, ಹುಬ್ಬುಗಳ ನಡುವೆ ಕೂದಲಿನಂಥ ಸೂಜಿ ಚುಚ್ಚಿ ಅರ್ಧ ಗಂಟೆ ಮಲಗಿಸಿದರು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದೆ.

"ಚುಚ್ಚಿದ ಜಾಗದ ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತೆ. ಅಲ್ಲಿ ಗಾಬರಿ ಇಳಿಸೋ ರಸಾಯನಗಳು ಹೆಚ್ಚಾಗ್ಬಹುದು ಅಂತಾರೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲಮ್ಮ. ಮಾತ್ರೆ ಮಾತ್ರ ಬಿಡಿಸ್ಬೇಡಿ, ಇದು ಅದ್ರ ಜೊತೆಗೆ" ಎಂದರು.

ಆಪಾ ಹಗುರವಾಗಿ ಎದ್ದಳು. ಸೂಜಿಯ ಗುಣವೋ, ಅರ್ಧ ಗಂಟೆ ಯಾರೂ ಅವಳನ್ನು ಕೂಗದೆ ಬಿಟ್ಟದ್ದರ ಗುಣವೋ, ನನಗೆ ಇವತ್ತಿಗೂ ತಿಳಿಯದು.

ಆಮೇಲೆ ರಂಜಾನ್ ಬಂತು. ರೋಜಾ ಉಪವಾಸಕ್ಕೆ ಮುಂಚಿನ ಸೆಹ್ರಿಯ ಅಡುಗೆ ನೋಡಿಕೊಳ್ಳುತ್ತಿದ್ದ ಓರಗಿತ್ತಿ ಬೇರೆ ಮನೆ ಮಾಡಿದ್ದಳು. ಇನ್ನು ಬೆಳಗಾಗುವ ಮೊದಲೇ ಎದ್ದು ಒಂಬತ್ತು ಮಂದಿಗೆ ಬೇಯಿಸಬೇಕಾದವಳು ಆಪಾ. ರಾತ್ರಿಯ ಮಾತ್ರೆ ನುಂಗಿದರೆ ಅವಳಿಗೆ ಎಚ್ಚರವೇ ಆಗುತ್ತಿರಲಿಲ್ಲ. ಕಾಯಿಲೆಯವರಿಗೆ ರೋಜಾ ಮಾಫ್ ಇದೆ, ನಿಜ. ಆದರೆ ಕಾಯಿಲೆಯ ಹೆಸರೆತ್ತಿದರೆ ಇಮಾಮ್ ಬೀಗೆ ಹಳೆಯದನ್ನೆಲ್ಲ ನೆನಪಿಸಿದ ಹಾಗೆ.

"ಏನ್ಮಾಡ್ಲಿ ನಾಜಿಶ್?" ಎಂದು ಆಪಾ ನನ್ನನ್ನು ಕೇಳಿದಳು.

ನಾನು ಮಹಾ ಜಾಣೆಯಂತೆ ಹೇಳಿದೆ: "ಇದೊಂದು ತಿಂಗಳು ಮಾತ್ರೆ ಬಿಡು ಆಪಾ, ಸೂಜಿ ಹಾಕಿಸ್ಕೋ. ಸೂಜಿಗೆ ಮಂಪರೂ ಬರಲ್ಲ, ರೋಜಾನೂ ಮುರಿಯಲ್ಲ."

ಹೋದಾಗಲೆಲ್ಲ ರೇವತಿ ಮೇಡಂ "ಮಾತ್ರೆ ನಡೀತಿದ್ಯಾ?" ಎಂದು ಕೇಳುತ್ತಿದ್ದರು. ಪ್ರತಿ ಸಲ ನಾವಿಬ್ಬರೂ ಹೂಂಗುಟ್ಟಿದೆವು.

ಹದಿನೈದು ರೋಜಾ ಚೆನ್ನಾಗಿ ಕಳೆದವು. ಇಮಾಮ್ ಬೀ ಸೊಸೆಯನ್ನು ಹೊಗಳಿದರು, ನಾನು ಬೀಗಿದೆ. ಹತ್ತೊಂಬತ್ತನೆಯ ದಿನದಿಂದ ಆಪಾ ಮಲಗಲಿಲ್ಲ. ಇಪ್ಪತ್ತೆರಡನೆಯ ದಿನ ಮಟಮಟ ಮಧ್ಯಾಹ್ನ ಅರೀಬಾಳ ಕೈ ಹಿಡಿದು ಬರಿಗಾಲಲ್ಲಿ ಹೊರಟು, ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದ ತೂಗುಸೇತುವೆಯವರೆಗೂ ಮಗುವನ್ನು ನಡೆಸಿದಳು. ಅಲ್ಲಿಂದ ಸ್ವರ್ಗಕ್ಕೆ ದಾರಿಯಿದೆ ಎನ್ನುತ್ತಿದ್ದಳಂತೆ. ಟ್ರಾಫಿಕ್ ಪೊಲೀಸರು ತಡೆದು ಕೂರಿಸಿದಾಗ ಮಗುವಿನ ಅಂಗಾಲಿನ ಚರ್ಮ ಕಿತ್ತುಬಂದಿತ್ತು.

ಆಪಾಗೆ ಆರು ವಾರ ಆಸ್ಪತ್ರೆ. ಇಮಾಮ್ ಬೀ ಆಡಿದ ಮಾತು ನಡೆಸಿದರು. ಬಷೀರ್ ಭಾವ ತಲೆ ತಗ್ಗಿಸಿಕೊಂಡು ಬಂದು ಆಪಾಳ ಬಟ್ಟೆಯ ಗಂಟನ್ನು ನಮ್ಮ ಮನೆಯಲ್ಲಿಟ್ಟು ಹೋದರು. ಬೀದಿಯ ಮಾತು ಕೇಳಿ ರೇವತಿ ಮೇಡಂ ಹತ್ತಿರ ಹೋಗುವವರು ಕಡಿಮೆಯಾದರು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಥೂ ನನ್ನ ಬಾಳಿಗೆ.

ಡಿಸ್ಚಾರ್ಜ್ ಆದ ದಿನ, ಆಟೋದಲ್ಲಿ, ನಾನೇ ಹೇಳಬೇಕಾಯಿತು: "ಅರೀಬಾನ ಕಳಿಸಲ್ವಂತೆ ಆಪಾ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. "ಅವಳ ಕಾಲು ವಾಸಿಯಾಯ್ತಾ?" ಎಂದಳು.

ಆಯ್ತು ಎಂದೆ. ಮಗುವನ್ನು ನೋಡಲು ಆ ಮನೆಯವರು ನನ್ನನ್ನೂ ಬಿಟ್ಟಿರಲಿಲ್ಲ.